ಕಾರು ನಿಲ್ಲುವ ಜಾಗದಿಂದ ಮಂಚಕ್ಕೆ ಎಷ್ಟು ಮೆಟ್ಟಿಲು?

ಪ್ರವಾಸ ಎಂದರೆ ಟಿಕೀಟು, ಚಕ್ಕುಲಿ ಡಬ್ಬ, ಸ್ವೆಟರು, ಇಷ್ಟೇ ಅಂದುಕೊಂಡವರು ನಮ್ಮಲ್ಲಿ ಬಹಳ. ಇಳಿದುಕೊಳ್ಳುವ ಜಾಗದ ಮಾತು ಬಂದರೆ, "ರಾತ್ರಿ ಮಲಗೋದಕ್ಕೆ ತಾನೇ, ಎಲ್ಲಾದ್ರೂ ಆಯ್ತು" ಎಂದುಬಿಡುತ್ತಾರೆ. ಹೀಗೆನ್ನುವವರು ಸಾಮಾನ್ಯವಾಗಿ ಗಂಡಸರೇ. ದಿನವಿಡೀ ಹೊರಗೆ ಸುತ್ತುವವರಿಗೆ ಅದು ಸರಿಯೇ ಇರಬಹುದು. ಆದರೆ ಮನೆಮಂದಿಯೆಲ್ಲ ಹೊರಟಾಗ ಕೋಣೆಯಲ್ಲೇ ಉಳಿಯುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಮಂಡಿನೋವಿನ ಅತ್ತೆಯೋ, ಕೈಗೂಸಿನ ಮಗಳೋ, ಹೊಟ್ಟೆ ಕೆಡಿಸಿಕೊಂಡ ಮಗನೋ. ಅವರ ಪಾಲಿಗೆ ಆ ಕೋಣೆ, ಅದರ ಕಿಟಕಿ, ಇವೇ ಪ್ರವಾಸ.

2024ರ ಮೇ ತಿಂಗಳಲ್ಲಿ ನಾವು ಹಿಮಾಚಲ ಪ್ರದೇಶದ ಕುಲು ಕಣಿವೆಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಕಾಲೇಜಿಗೆ ಹೋಗುವ ಮಗ, ಹೈಸ್ಕೂಲಿನ ಮಗಳು, ಎಪ್ಪತ್ತಮೂರು ವರ್ಷದ ಅತ್ತೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ತಿಪಟೂರು ಬಿಟ್ಟು ಕದಲಿರಲಿಲ್ಲ. ಹಿಮದ ಬೆಟ್ಟ ನೋಡಬೇಕೆಂಬುದು ಅವರಿಬ್ಬರ ಆಸೆಯಾಗಿತ್ತಂತೆ. ಬದರಿಗೆಂದು ಕೂಡಿಟ್ಟ ಹಣ ನಾದಿನಿಯ ಮದುವೆಗೆ ಹೋಯಿತು. ಈಗ ಎರಡೂ ಮಂಡಿ ಸವೆದಿವೆ, ಹತ್ತು ಮೆಟ್ಟಿಲು ಹತ್ತಿದರೆ ಹತ್ತು ನಿಮಿಷ ಕೂರಬೇಕು. ಇನ್ನೆರಡು ವರ್ಷ ತಡ ಮಾಡಿದರೆ ಇದೂ ಆಗದು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಇಳಿದುಕೊಳ್ಳುವುದೆಲ್ಲಿ ಎಂಬುದಕ್ಕೆ ಮನೆಯಲ್ಲಿ ಒಂದು ವಾರ ಜಗಳ. ಇವರಿಗೆ ಮನಾಲಿಯ ಮಾಲ್ ರೋಡೇ ಆಗಬೇಕು. ಬಸ್ ಸ್ಟ್ಯಾಂಡು, ಅಂಗಡಿ, ಊಟ ಎಲ್ಲ ಕೈಗೆ ಸಿಗುತ್ತದಲ್ಲ! ಮಗ ಮೊಬೈಲಿನಲ್ಲಿ ನದಿಯ ಮೇಲೇ ಬಾಲ್ಕನಿ ಇರುವ ಹೋಟೆಲು ತೋರಿಸಿದ. ಚಿತ್ರವೇನೋ ಚೆನ್ನಾಗಿತ್ತು. ಆದರೆ 2023ರ ಜುಲೈನಲ್ಲಿ ಬಿಯಾಸ್ ನದಿ ಉಕ್ಕಿ ದಡದ ಕಟ್ಟಡಗಳು ನೀರಿಗೆ ಬಿದ್ದದ್ದನ್ನು ಟಿವಿಯಲ್ಲಿ ನೋಡಿದ್ದೆ. ಮೇ ತಿಂಗಳಲ್ಲಿ ಮಳೆಗಾಲವಿಲ್ಲ, ನಿಜ. ಆದರೂ ನೀರಿಗೆ ಅಷ್ಟು ಹತ್ತಿರ ಕಟ್ಟಿದವರ ಬುದ್ಧಿಯ ಮೇಲೆ ನನಗೆ ನಂಬಿಕೆ ಬರಲಿಲ್ಲ. ನದಿಯನ್ನು ಮೇಲಿನಿಂದ ನೋಡಿದರೂ ಚೆಂದವೇ!

ಆಮೇಲೆ ಮತ್ತೊಂದು ಸಲಹೆ ಬಂತು. ಅಡುಗೆಮನೆ ಇರುವ ಮನೆ ಬಾಡಿಗೆಗೆ ಸಿಗುತ್ತದೆ, ಅಮ್ಮನಿಗೆ ಅನ್ನ ಸಾರು ನೀನೇ ಮಾಡಬಹುದು ಎಂದರು ಇವರು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ್ದು ಏಳು ದಿನದ ರಜೆ, ಅದಕ್ಕೂ ಒಲೆ ಗಂಟುಹಾಕುತ್ತಾರಲ್ಲ! ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅಷ್ಟು ದೂರ ಹೋಗಿಯೂ ಅವಳೇ ಒಲೆ ಮುಂದೆ ನಿಲ್ಲೋದಾದ್ರೆ ನಾನು ಬರೋದಿಲ್ಲ ಕಣಪ್ಪ. ಇಲ್ಲಾದ್ರೆ ತೆಂಗಿನಕಾಯಾದ್ರೂ ಸಿಗುತ್ತೆ" ಎಂದರು. ಆ ಮಾತು ಅಲ್ಲಿಗೇ ನಿಂತಿತು.

ಕಡೆಗೆ ಫೋನು ನನ್ನ ಕೈಗೆ ಬಂತು. ಹುಡುಗಿಯಾಗಿದ್ದಾಗ ಕಟ್ಟಿದ ಹಿಂದಿ ಪರೀಕ್ಷೆಗಳು ಆಗ ಕೆಲಸಕ್ಕೆ ಬಂದವು. ಬೆಟ್ಟದೂರಿನ ಹೋಟೆಲುಗಳ ಒಂದು ಗುಟ್ಟು ನಿಮಗೆ ಹೇಳಲೇಬೇಕು. ಅಲ್ಲಿ ಇಳಿಜಾರಿನಲ್ಲಿ ಕಟ್ಟುತ್ತಾರೆ. ಎಷ್ಟೋ ಕಡೆ ರಸ್ತೆ ಇರುವುದು ಮೇಲಿನ ಅಂತಸ್ತಿನ ಮಟ್ಟಕ್ಕೆ. "ಗ್ರೌಂಡ್ ಫ್ಲೋರ್ ಕೊಡ್ತೀವಿ ಮಾತಾಜಿ" ಎಂದರೆ ಮೂವತ್ತು ಮೆಟ್ಟಿಲು ಕೆಳಗಿಳಿಯಬೇಕು, ಬೆಳಿಗ್ಗೆ ಅಷ್ಟೇ ಹತ್ತಬೇಕು. ಲಿಫ್ಟು ಇದೆಯೇ ಎಂದು ಕೇಳುವುದಕ್ಕಿಂತ, ಕಾರು ನಿಲ್ಲುವ ಜಾಗದಿಂದ ಮಂಚದವರೆಗೆ ಎಷ್ಟು ಮೆಟ್ಟಿಲು ಎಂದೇ ಕೇಳಬೇಕು. ಮೂವರು "ಜಾಸ್ತಿ ಏನಿಲ್ಲ" ಎಂದರು. ನಗ್ಗರದ ಒಬ್ಬಾಕೆ ಮಾತ್ರ "ತಾಳಿ, ಎಣಿಸಿ ಬರ್ತೀನಿ" ಎಂದು ಹೋಗಿ, ಬಂದು "ಏಳು" ಎಂದಳು. ಅಲ್ಲೇ ಗೊತ್ತುಮಾಡಿದೆ. ಸ್ನಾನಕ್ಕೆ ಬಕೆಟ್ಟಿನಲ್ಲಿ ಬಿಸಿನೀರು ಎಷ್ಟು ಹೊತ್ತಿಗೆ, ಕಮೋಡು ಇದೆಯೇ, ರೂಮು ಹೀಟರಿಗೆ ಬೇರೆ ದುಡ್ಡೇ, ಇವನ್ನೂ ಕೇಳಿದೆ. "ಆಕೆಯ ತಲೆ ತಿಂತಿದ್ದೀಯ" ಎಂದು ಇವರು ರೇಗಿದರು. ತಿನ್ನಲಿ ಬಿಡಿ, ದುಡ್ಡು ಕೊಡುವುದಿಲ್ಲವೇ!

ಬಿಸಿಲಿನ ವಿಷಯವೂ ಇದೆ. ಅಲ್ಲಿ ಬಿಯಾಸ್ ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಮನಾಲಿ ಪೇಟೆ ಪಶ್ಚಿಮದ ದಡದಲ್ಲಿದೆ, ಬೆಳಗಿನ ಬಿಸಿಲು ಅದಕ್ಕೆ. ನಗ್ಗರ ಪೂರ್ವದ ದಡದ ಬೆಟ್ಟದ ಮೇಲೆ, ಮನಾಲಿಯಿಂದ ಸುಮಾರು 20 ಕಿಲೋಮೀಟರು. ಬೆಳಿಗ್ಗೆ ಹಿಂದಿನ ಬೆಟ್ಟ ದಾಟಿ ಬಿಸಿಲು ಬರುವುದು ತಡ, ಆದರೆ ಸಂಜೆ ಮುಳುಗುವವರೆಗೂ ಎದುರಿಗೇ ಇರುತ್ತದೆ. ಮಧ್ಯಾಹ್ನದ ಮೇಲೆ ಮಂಡಿ ಬಿಗಿಯುವ ಅತ್ತೆಗೆ ಇದೇ ಒಳ್ಳೆಯದಾಯಿತು. ಮನಾಲಿ ಇರುವುದು 2,050 ಮೀಟರ್ ಎತ್ತರದಲ್ಲಿ. ನಗ್ಗರ ಅದಕ್ಕಿಂತ ತಗ್ಗು, ಚಳಿಯೂ ಸ್ವಲ್ಪ ಕಡಿಮೆ.

ನಗ್ಗರ ಹಿಂದೆ ಕುಲು ರಾಜರ ರಾಜಧಾನಿಯಂತೆ. ಅಲ್ಲಿನ ಹಳೆಯ ಅರಮನೆಯನ್ನು ಮರದ ತೊಲೆ, ಕಲ್ಲು ಒಂದರ ಮೇಲೊಂದು ಸಾಲಾಗಿ ಇಟ್ಟು ಕಟ್ಟಿದ್ದಾರೆ. 1905ರ ಕಾಂಗ್ರಾ ಭೂಕಂಪಕ್ಕೂ ಅದು ಜಗ್ಗಲಿಲ್ಲ. ರಷ್ಯದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಲ್ಲಿ ಈ ಊರಿಗೆ ಬಂದು ನೆಲೆಸಿ, 1947ರಲ್ಲಿ ಇಲ್ಲೇ ತೀರಿಕೊಂಡರು. ಅವರ ಸೊಸೆಯೇ ಸಿನಿಮಾ ತಾರೆ ದೇವಿಕಾ ರಾಣಿ. ಗಂಡನ ಜೊತೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಬಾಳಿದವರು! ಅತ್ತೆಗೆ ಇದನ್ನು ಕೇಳಿ ಬಹಳ ಖುಷಿ, "ನಮ್ಮ ಕಡೆಯವರೇ" ಎಂದರು.

ಉಳಿದವರೆಲ್ಲ ಒಂದು ದಿನ ಅಟಲ್ ಸುರಂಗ ದಾಟಿ ಆಚೆಯ ಲಾಹೌಲಿಗೆ ಹೋಗಿಬಂದೆವು. 2020ರಲ್ಲಿ ತೆರೆದ, ಒಂಬತ್ತು ಕಿಲೋಮೀಟರಿನ ಸುರಂಗ. ಅದು 3,000 ಮೀಟರಿಗೂ ಮೇಲಿರುವುದರಿಂದ ಅತ್ತೆಯನ್ನು ಕರೆದೊಯ್ಯುವ ಧೈರ್ಯ ಬರಲಿಲ್ಲ. ಸಂಜೆ ಹೆದರಿಕೊಂಡೇ ವಾಪಸು ಬಂದರೆ, ಅವರು ಅಂಗಳದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಮುಂದೆ ಸೇಬಿನ ಗಿಡಗಳು, ಗೋಲಿಯಷ್ಟು ಕಾಯಿ. ಕೆಳಗೆ ನದಿ, ಉತ್ತರಕ್ಕೆ ಬಿಳಿಯ ಬೆಟ್ಟ. "ಮಧ್ಯಾಹ್ನ ಮೋಡ ಮುಚ್ಚಿತ್ತು, ನಾಲ್ಕು ಗಂಟೆಗೆ ತೆರೀತು. ನಿಮ್ಮ ಮಾವನಿಗೂ ತೋರಿಸಿದೆ" ಎಂದರು. ನಾನು ಏನೂ ಹೇಳದೆ ಟೀ ತರಲು ಒಳಗೆ ಹೋದೆ.

ಮನೆಯಾಕೆ ಮಾಡಿಕೊಟ್ಟ ಸಿಡ್ಡು ಅತ್ತೆಗೆ ತುಂಬ ಹಿಡಿಸಿತು. ಗೋಧಿ ಹಿಟ್ಟು ಹುದುಗಿಸಿ, ಒಳಗೆ ಅಕ್ರೋಟು, ಗಸಗಸೆಯ ಹೂರಣವಿಟ್ಟು ಆವಿಯಲ್ಲಿ ಬೇಯಿಸಿ, ಮೇಲೆ ತುಪ್ಪ ಸುರಿಯುತ್ತಾರೆ. ನಮ್ಮ ಕಡುಬೇ ಅನ್ನಿ. ಆಕೆ ಬೆಳಿಗ್ಗೆ ಐದಕ್ಕೇ ಎದ್ದು ನಮ್ಮೆಲ್ಲರ ನೀರು ಕಾಯಿಸುತ್ತಿದ್ದಳು. ನನ್ನ ರಜೆಯೆಂದರೆ ಇನ್ನೊಬ್ಬ ಹೆಂಗಸಿನ ದುಡಿತ ಎಂದು ಅನಿಸದಿರಲಿಲ್ಲ. ಹಾಗಾಗಿ ತಟ್ಟೆಗಳನ್ನಾದರೂ ನಾವೇ ಹೊರಗೆ ತಂದಿಡುತ್ತಿದ್ದೆವು.

ಕೊನೆಯ ಎರಡು ರಾತ್ರಿಗೆ ಇವರು ಆಸೆಪಟ್ಟಂತೆ ಮಾಲ್ ರೋಡಿನಲ್ಲಿ ರೂಮು ಗೊತ್ತಾಗಿತ್ತು. ಅತ್ತೆ ಏಳಲೊಲ್ಲರು. "ಅಂಗಡಿ ನೋಡೋದಕ್ಕೆ ತಿಪಟೂರು ಸಂತೆ ಇಲ್ವಾ?" ಎಂದರು. 1553ರಲ್ಲಿ ಕಟ್ಟಿದ ಹಿಡಿಂಬಾ ದೇವಿಯ ಗುಡಿಗೆ ಮಾತ್ರ ಕಾರಿನಲ್ಲಿ ಹೋಗಿ ಕೈಮುಗಿದು ಬಂದೆವು. ಮುಂಗಡ ಕೊಟ್ಟಿದ್ದ ಮೂರು ಸಾವಿರ ಹೋಯಿತೆಂದು ಇವರು ದೆಹಲಿಯವರೆಗೂ ಗೊಣಗಿದರು. ಊರಿಗೆ ಬಂದು ಪೆನ್ಷನ್ ಕೈಗೆ ಬಂದ ದಿನ, ಅತ್ತೆ ಮೂರು ಸಾವಿರ ಎಣಿಸಿ ಮಗನ ಅಂಗಿಯ ಜೇಬಿಗೆ ತುರುಕಿದರು. ಇವರು ತೆಗೆದುಕೊಳ್ಳಲಿಲ್ಲ ಅನ್ನಿ.