ಒಂಬತ್ತು ಒಂಬತ್ತುಗಳ ಚಳಿ

ಹಿಂದೂಪುರದಿಂದ ಕಲ್ಯಾಣದುರ್ಗದವರೆಗಿನ ನಮ್ಮ ಸೀಮೆಯವರಿಗೆ ಚಳಿಯೆಂದರೆ ಧನುರ್ಮಾಸದ ಕೆಲವು ಮುಂಜಾವುಗಳು ಮಾತ್ರ. ಅಷ್ಟಕ್ಕೇ ನಾವು ಕಿವಿಗೆ ವಸ್ತ್ರ ಸುತ್ತಿಕೊಂಡು, ಮಕ್ಕಳನ್ನು ಶಾಲೆಯ ಅಂಗಳದ ಎಳೆಬಿಸಿಲಿಗೆ ಕುಳ್ಳಿರಿಸಿ ಪಾಠ ಹೇಳುವುದುಂಟು. ಹಿಂದೂಪುರದ ಭಾಗವು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆ ಎರಡಾದರೂ ಬರ ಒಂದೇ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯನ್ನು ನಂಬಿದ ಈ ನೆಲಕ್ಕೆ ಬಿಸಿಲನ್ನು ಸಹಿಸುವ ವಿದ್ಯೆ ಗೊತ್ತು, ಹಿಮದ ವಿದ್ಯೆ ಗೊತ್ತಿಲ್ಲ.

ಆದುದರಿಂದ ನಮ್ಮ ಶಾಲೆಯಲ್ಲಿ ಕನ್ನಡದಲ್ಲಿ ಅಕ್ಷರ ಕಲಿತು, ತಿರುಪತಿಯಲ್ಲಿ ಪಶುವೈದ್ಯ ಓದಿದ ಶಿಷ್ಯನೊಬ್ಬ ಮೂರು ವರ್ಷಗಳ ಕೆಳಗೆ ವಿಶ್ವಸಂಸ್ಥೆಯ ಸ್ವಯಂಸೇವಕನಾಗಿ ಮಂಗೋಲಿಯಕ್ಕೆ ಹೊರಟಾಗ ಊರಿಗೆ ಊರೇ ಭೂಪಟದ ಮುಂದೆ ನಿಂತಿತು. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಅವನಿಗೆ ಹಿಡಿಸದು. ಕುರಿ ಕಾಯುವ ಮನೆತನದ ಹುಡುಗ. 2002ರ ಬರದಲ್ಲಿ ಅವರ ಹಿಂಡಿನ ಅರ್ಧ ಮಣ್ಣುಪಾಲಾದಾಗ ಅವನು ನಾಲ್ಕನೆಯ ತರಗತಿಯಲ್ಲಿದ್ದ. ನಾವು ಆಗ ಅದೇ ಶಾಲೆಯ ಸಹಶಿಕ್ಷಕರು. ಹುಡುಗ ಒಂದು ವಾರ ಯಾರೊಡನೆಯೂ ಮಾತನಾಡಲಿಲ್ಲ. ಪಶುವೈದ್ಯನಾಗುವ ಸಂಕಲ್ಪ ಆ ವಾರ ಹುಟ್ಟಿತೆಂದು ನಮ್ಮ ಅಂದಾಜು.

ದೂರದೇಶದವರು ಸೇವೆಗೆಂದು ಬರುವುದು ನಮ್ಮ ಜನರಿಗೆ ಹೊಸದಲ್ಲ. ಬಾರ್ಸಿಲೋನಾದಲ್ಲಿ ಹುಟ್ಟಿದ ವಿಸೆಂಟೆ ಫೆರರ್ ಅವರು 1969ರಲ್ಲಿ ಅನಂತಪುರಕ್ಕೆ ಬಂದು, 2009ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು. ಅವರ ಸಂಸ್ಥೆಯ ಆಸ್ಪತ್ರೆ ಕಲ್ಯಾಣದುರ್ಗದಲ್ಲಿಯೂ ಇದೆ. ಸ್ಪೇನಿನಿಂದ ಬರುವ ತರುಣ ತರುಣಿಯರಿಗೆ ನಡುಹಗಲಿನಲ್ಲಿ ನೆರಳು ಬಿಡಬಾರದು, ಬಾಯಾರುವ ಮೊದಲೇ ಮಜ್ಜಿಗೆ ಕುಡಿಯಬೇಕು ಎಂದು ನಮ್ಮ ಹಳ್ಳಿಗಳ ಮುದುಕಿಯರು ಗದರಿಸಿ ಹೇಳಿದ್ದನ್ನು ನಾವು ಕಂಡಿದ್ದೇವೆ. ಆದರೆ ನಮ್ಮವನೊಬ್ಬ ಹಾಗೆ ಹೊರಗೆ ಹೋಗಿ ಮತ್ತೊಬ್ಬ ಮುದುಕಿಯ ಗದರಿಕೆಗೆ ಕಿವಿಗೊಡುವುದು ಹೊಸದು.

ಗದರಿಕೆ ಸಿಕ್ಕಿತು. ಉಲಾನ್‌ಬಾತರಿನಲ್ಲಿ ಜನವರಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗೆ. ಹುಲ್ಲುಗಾವಲಿನಲ್ಲಿ ರಾತ್ರಿ 40ಕ್ಕೂ ಇಳಿಯುವುದುಂಟು. (ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಎಂದು ಕೇಳಬೇಕಾಗಿಲ್ಲ, ಋಣ 40ರಲ್ಲಿ ಎರಡೂ ಒಂದೇ. ಈ ಲೆಕ್ಕವನ್ನು ವರ್ಷಂಪ್ರತಿ ಹಲಗೆಯ ಮೇಲೆ ಬರೆಸುತ್ತಿದ್ದ ನಮಗೆ ಅದು ಒಬ್ಬ ಶಿಷ್ಯನ ಮೈಗೆ ತಾಗಬಹುದೆಂಬ ಕಲ್ಪನೆಯಿರಲಿಲ್ಲ.) ಹುಡುಗ ದಪ್ಪನೆಯ ಕೋಟಿನೊಳಗೆ ನಮ್ಮೂರ ಹತ್ತಿಯ ಬನಿಯನ್ನು ತೊಟ್ಟು ಬಿರಬಿರನೆ ನಡೆದ, ಬೆವರಿದ, ಗಾಳಿಗೆ ನಿಂತ. ಗಳಿಗೆಯೊಳಗೆ ಹಲ್ಲು ಕಟಕಟಿಸತೊಡಗಿತು. ಅವನಿಗೆ ಆಶ್ರಯವಿತ್ತ ಮನೆಯ ಹಿರಿಯಾಕೆ ಆ ಬನಿಯನ್ನನ್ನು ಎಳೆದು ತೆಗೆಸಿ, ಉಣ್ಣೆಯದನ್ನು ತೊಡಿಸಿದಳಂತೆ. ಹತ್ತಿ ನೀರನ್ನು ಹಿಡಿದು ಮೈಯ ಕಾವನ್ನು ಕದಿಯುತ್ತದೆ; ಉಣ್ಣೆಯಾದರೋ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡೂ ಬೆಚ್ಚಗಿರುತ್ತದೆ. ಒಂದು ದಪ್ಪ ಉಡುಪಿಗಿಂತ ಮೂರು ತೆಳುವಾದವು ಮೇಲು, ಏಕೆಂದರೆ ಮೈಯನ್ನು ಕಾಯುವುದು ಪದರಗಳ ನಡುವೆ ಅಲುಗಾಡದೆ ನಿಂತ ಗಾಳಿ. ಕಬ್ಬಿಣದ ಅಗುಳಿಯನ್ನು ಬರಿಗೈಯಿಂದ ಮುಟ್ಟಬಾರದು, ಚರ್ಮ ಅಂಟಿಕೊಂಡೀತು. ಊಟದಲ್ಲಿ ಕೊಬ್ಬನ್ನು ಬದಿಗೆ ಸರಿಸಬಾರದು, ಅದೇ ಒಲೆಯ ಸೌದೆ. ಹಾಲು ಬೆರೆಸಿದ ಉಪ್ಪಿನ ಚಹಾ ಮೊದಲು ಗಂಟಲಿಗೆ ಇಳಿಯಲಿಲ್ಲ; ಹತ್ತನೆಯ ದಿನ ತಾನಾಗಿಯೇ ಕೇಳಿ ಕುಡಿದನಂತೆ. ಗೆರ್ ಎಂಬ ಅವರ ಗುಂಡುಗುಡಾರದ ಗೋಡೆಯೇ ಕುರಿಯ ಉಣ್ಣೆಯನ್ನು ಹದಮಾಡಿದ ಜಮಖಾನ. ಒಲೆಗೆ ಒಣಸಗಣಿ. ಇದನ್ನು ಕೇಳಿ ಅವನ ತಾಯಿಗೆ ಅರ್ಧ ಸಮಾಧಾನವಾಯಿತು: ಕುರಿಯೂ ಕುಳ್ಳೂ ಇದ್ದ ಮೇಲೆ ಅದು ಮನುಷ್ಯರ ಊರೇ.

ಆದರೂ ಮೊದಲ ಜನವರಿಯಲ್ಲಿ ಹುಡುಗ ಸೋತಿದ್ದ. ಸಂಜೆ ಐದಕ್ಕೇ ಕತ್ತಲೆ, ಮಾತಿಗೆ ಯಾರೂ ಇಲ್ಲ. ಹಿಂದಿರುಗುತ್ತೇನೆಂದು ತಂದೆಗೆ ದೂರವಾಣಿ ಮಾಡಿದ. ನಾವು ಪಕ್ಕದಲ್ಲಿಯೇ ಕುಳಿತಿದ್ದೆವು. ತಂದೆ ಇರು ಎನ್ನಲಿಲ್ಲ, ಬಾ ಎನ್ನಲಿಲ್ಲ. “ಅಲ್ಲಿ ಕುರಿ ಏನ್ ಮಾಡ್ತಾವೆ?” ಎಂದು ಕೇಳಿದರು. ಸಾಯುತ್ತಿವೆ ಎಂದು ಹುಡುಗ ಹೇಳಿದ. ಅಲ್ಲಿ ಅಂಥ ವರ್ಷಕ್ಕೆ ಝುದ್ ಎನ್ನುತ್ತಾರೆ. ಹಿಮ ಹುಲ್ಲನ್ನು ಮುಚ್ಚಿದರೆ ಬಿಳಿಯ ಝುದ್. ಕರಗಿ ಮತ್ತೆ ಹೆಪ್ಪುಗಟ್ಟಿ ನೆಲಕ್ಕೆ ಕವಚ ತೊಡಿಸಿದರೆ ಕಬ್ಬಿಣದ್ದು. ಹಿಮವೇ ಬೀಳದೆ ಕುಡಿಯಲು ನೀರಿಲ್ಲವಾದರೆ ಕರಿಯದು. 2009-10ರ ಚಳಿಗಾಲ ಒಂದರಲ್ಲಿಯೇ ಅಲ್ಲಿ 80 ಲಕ್ಷಕ್ಕೂ ಮಿಕ್ಕಿ ಜಾನುವಾರುಗಳು ಸತ್ತವು. ತಂದೆ ಎಲ್ಲವನ್ನೂ ಕೇಳಿ, “ಚಳಿ ಅಲ್ಲಪ್ಪಾ ಕೊಂದಿದ್ದು. ಬ್ಯಾಸಿಗೇಲಿ ಮೇವು ಇತ್ತೇನು, ಅದು ಕೇಳು” ಎಂದರು.

ಓದು ಬಾರದ ಆ ವೃದ್ಧರ ಮಾತು ನೂರಕ್ಕೆ ನೂರು ಸರಿಯಾಗಿತ್ತು. ಬೇಸಗೆಯಲ್ಲಿ ಮಳೆ ತಪ್ಪಿ, ಕೊಬ್ಬು ಕೂಡದ ಕುರಿ ಚಳಿಗೆ ನಿಲ್ಲಲಾರದು. ಝುದ್ಧಿನ ಬೇರು ಬಹುಪಾಲು ಬರದಲ್ಲಿಯೇ ಇರುತ್ತದೆ. ಬರವೆಂದ ಮೇಲೆ ಕಲ್ಯಾಣದುರ್ಗದವನಿಗೆ ಯಾರು ಪಾಠ ಹೇಳಬೇಕು? ಹುಡುಗ ನಿಂತ. ಮರು ಬೇಸಗೆಯಲ್ಲಿ ಕುರುಬರೊಡನೆ ಹುಲ್ಲು ಕೊಯ್ದು ಬಣವೆ ಒಟ್ಟುವುದರಲ್ಲಿಯೇ ಅವನ ಪಶುವೈದ್ಯದ ಅರ್ಧ ಕಳೆಯಿತು.

ತಾಯಿ ಒಂದು ಕರಿಕಂಬಳಿ ಕಳುಹಿಸಿದರು. ಹುಣಸೆಬೀಜದ ಗಂಜಿ ಹಾಕಿ ನೇಯ್ದ, ನಿಲ್ಲಿಸಿದರೆ ನಿಲ್ಲುವಂಥ ಕಂಬಳಿ. ಇಂಥದು ಈಗ ದುರ್ಲಭ. ಉಣ್ಣೆಯಿಲ್ಲದ ನೆಲ್ಲೂರು ಕುರಿಗಳು ಎಲ್ಲೆಡೆ ಹಬ್ಬಿ, ಉಣ್ಣೆಯ ದಖನಿ ಕುರಿ ಹಿಂದೆ ಸರಿದಿದೆ. ಅಲ್ಲಿಯ ಗಾಳಿಗೆ ಬರಿಯ ಕಂಬಳಿ ಸಾಲದು, ಹಾಸಿಗೆಯ ಕೆಳಗೆ ಹಾಸಿದರೆ ಉತ್ತಮ ಎಂದು ಹುಡುಗ ತಿಳಿಸಿದ. ತಾಯಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.

ಅವಧಿ ಮುಗಿದಾಗ ಅವನು ಮತ್ತೆ ಒಪ್ಪಿ ನಿಂತುದು ಆಕೆಗೆ ಇನ್ನೂ ಹಿಡಿಸಲಿಲ್ಲ. “ನೀವು ಹೇಳಿದರೆ ಬರ್ತಾನೆ, ಮೇಷ್ಟ್ರೇ” ಎಂದು ನಮ್ಮ ಮನೆಯ ಜಗಲಿಯಲ್ಲಿ ಒಂದು ಸಂಜೆ ಕುಳಿತರು. ತಂದೆಗೆ ಈಗ ಹಿಂಡಿನ ಹಿಂದೆ ನಡೆಯುವ ಶಕ್ತಿಯಿಲ್ಲ. ಮನೆಗೆ ಗಂಡಾಳು ಬೇಕು ಎಂಬುದೂ ನಿಜ. ಆಕೆಯ ಮಾತನ್ನು ಒಂದಕ್ಷರವೂ ಬಿಡದೆ ಬರೆದು ತಿಳಿಸಿದೆವು. ನಮ್ಮದೆಂದು ಒಂದು ಮಾತನ್ನೂ ಕೂಡಿಸಲಿಲ್ಲ. ಮಕ್ಕಳನ್ನು ಊರಿಂದಾಚೆ ಕಳುಹಿಸಲೆಂದೇ ಸಂಬಳ ಪಡೆಯುವ ನಾವು, ಹೋದವರನ್ನು ಕರೆಯುವ ಅಧಿಕಾರವನ್ನೂ ಪಡೆದಿದ್ದೇವೆಯೇ ಎಂಬುದು ನಮಗೆ ಇಂದಿಗೂ ತಿಳಿಯದು. ಮುಂಗಾರಿನ ಹೊತ್ತಿಗೆ ಎರಡು ತಿಂಗಳು ಬಂದು ಹೋಗುವೆನೆಂದು ಅವನು ಉತ್ತರ ಬರೆದಿದ್ದಾನೆ.

ನಾವು ಅಶ್ವಿನಿ ಭರಣಿ ಎಂದು ಮಳೆಯನ್ನು ಎಣಿಸುವಂತೆ ಮಂಗೋಲಿಯದವರು ಚಳಿಯನ್ನು ಎಣಿಸುತ್ತಾರೆ. ಡಿಸೆಂಬರಿನ ಅತಿ ದೀರ್ಘ ರಾತ್ರಿಯಿಂದ ಒಂಬತ್ತು ದಿನಗಳ ಒಂಬತ್ತು ಕಂತು, ಒಟ್ಟು 81 ದಿನ. ಮೂರನೆಯದರಲ್ಲಿ ಮೂರು ವರ್ಷದ ಎತ್ತಿನ ಕೊಂಬು ಹೆಪ್ಪುಗಟ್ಟುತ್ತದೆ, ನಾಲ್ಕನೆಯದರಲ್ಲಿ ನಾಲ್ಕು ವರ್ಷದ್ದು. ಐದನೆಯದರಲ್ಲಿ ಬೆಂದ ಅನ್ನ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಆರನೆಯದರಲ್ಲಿ ದಾರಿ ಕಾಣುತ್ತದೆ. ನಮ್ಮ ಐದನೆಯ ತರಗತಿಯ ಮಕ್ಕಳು ಈ ಎಣಿಕೆಯನ್ನು ಗೋಡೆಯ ಮೇಲೆ ಬರೆದು ದಿನಕ್ಕೊಂದು ಗೆರೆ ಎಳೆಯುತ್ತಿದ್ದಾರೆ. ಮೊನ್ನೆ ಐದನೆಯ ಒಂಬತ್ತು ಬಂದಿತೆಂದೂ, ಇನ್ನು ಅಲ್ಲಿ ಅನ್ನ ಹೆಪ್ಪುಗಟ್ಟುವುದಿಲ್ಲವೆಂದೂ ತಾಯಿಗೆ ತಿಳಿಸಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಅಲ್ಲಿ ಅವನಿಗೆ ಅನ್ನ ಮಾಡಿಕೊಡುವವರು ಯಾರು ಎಂದು ಕೇಳಿದರು.