ಹಡಗುಕಟ್ಟೆಯ ಗೋಡೆ

ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಎತ್ತರದ ಕಂಬಗಳನ್ನು ನೋಡಿ ಮೆಚ್ಚದವರಿಲ್ಲ. ಅದರ ಬೆನ್ನಿಗಿರುವ ಹಳೆಯ ಕಲ್ಲುಗೋಡೆಯನ್ನು ಮಾತ್ರ ಯಾರೂ ನೋಡುವುದಿಲ್ಲ. ನೋಡಿದರೂ ಒಳಗೆ ಬಿಡುವವರಿಲ್ಲ. ಅದು ನೌಕಾಪಡೆಯ ಸೊತ್ತು. ಕನ್ನಡ ಮೇಷ್ಟರಿಗೆ ಅಲ್ಲೇನು ಕೆಲಸವೆಂದು ನೀವು ಕೇಳಬಹುದು. ಗೋಡೆಯಾಚೆಗೆ ಏನಿದೆಯೆಂಬ ಕುತೂಹಲ ಮೇಷ್ಟರಿಗೂ ಉಂಟಲ್ಲವೆ?

1736ರಲ್ಲಿ ಲವ್‌ಜೀ ನಸರವಾನ್‌ಜೀ ವಾಡಿಯಾ ಎಂಬ ಪಾರಸಿ ಬಡಗಿ ಸೂರತ್ತಿನಿಂದ ಬಂದು ಇಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹಡಗು ಕಟ್ಟುವ ಕೆಲಸಕ್ಕೆ ಕೈಯಿಟ್ಟ. ಮಕ್ಕಳು ಮೊಮ್ಮಕ್ಕಳು ಅದೇ ಕಸುಬನ್ನು ಹಿಡಿದರು. ಮರ ನಮ್ಮ ನೆರೆಯ ಮಲಬಾರಿನ ತೇಗ. ಇಂಗ್ಲೆಂಡಿನ ಓಕ್ ಬೇಗ ಕೊಳೆಯುತ್ತಿತ್ತು. ತೇಗ ತನ್ನೊಳಗಿನ ಎಣ್ಣೆಯ ಬಲದಿಂದ ತಾಳಿಕೊಂಡಿತು. 1817ರಲ್ಲಿ ಇಲ್ಲಿಂದ ನೀರಿಗಿಳಿದ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. 1813ರ ಕಾರ್ನ್‌ವಾಲಿಸ್ ಇನ್ನೂ ವಿಚಿತ್ರ. 1842ರಲ್ಲಿ ಚೀನಾ ಹಾಂಗ್‌ಕಾಂಗನ್ನು ಬಿಟ್ಟುಕೊಟ್ಟ ನಾನ್‌ಕಿಂಗ್ ಒಪ್ಪಂದಕ್ಕೆ ರುಜು ಬಿದ್ದದ್ದು ಆ ಹಡಗಿನ ಮೇಲೆ. ಹಲಗೆ ಹೆರೆದ ಬಡಗಿಗೆ, ಅದರ ಮೇಲೆ ಯಾರ ನಾಡು ಯಾರ ಪಾಲಾಗುವುದೆಂದು ಹೇಗೆ ತಿಳಿಯಬೇಕು?

ಗೋಡೆಯೊಳಗಿನ ಕ್ಯಾಸಲ್ ಬ್ಯಾರಕ್ಸಿನ ಕಥೆ ಬೇರೆ. 1946ರ ಫೆಬ್ರವರಿ 18ರಂದು ತಲ್ವಾರ್ ಎಂಬ ನೌಕಾಶಾಲೆಯ ಹುಡುಗರು, ತಿನ್ನಲಾಗದ ಊಟಕ್ಕೂ ಅಧಿಕಾರಿಯ ಬೈಗುಳಕ್ಕೂ ಬೇಸತ್ತು ಮುಷ್ಕರ ಹೂಡಿದರು. ಕಿಡಿ ಹಡಗಿಂದ ಹಡಗಿಗೆ ಹಾರಿತು. 21ರಂದು ಈ ಬ್ಯಾರಕ್ಸಿನಲ್ಲಿ ಸೈನಿಕರಿಗೂ ನಾವಿಕರಿಗೂ ಗಂಟೆಗಟ್ಟಲೆ ಗುಂಡಿನ ಕಾಳಗ. 23ರಂದು, ವಲ್ಲಭಭಾಯಿ ಪಟೇಲರ ಸಲಹೆಯಂತೆ, ನಾವಿಕರು ಶರಣಾದರು. ಅನೇಕರು ಕೆಲಸ ಕಳೆದುಕೊಂಡರು.

ಊಟಕ್ಕಾಗಿ ಇಷ್ಟೇ ರಾದ್ಧಾಂತವೆ ಎಂದು ನಗುವವರುಂಟು. ಹಾಸ್ಟೆಲಿನ ನೀರುಸಾರು ಉಂಡು ಎಂ.ಎ. ಮುಗಿಸಿದ ನನಗೆ ನಗು ಬರುವುದಿಲ್ಲ. ಸಾರು ನೀರಾದರೆ ಹೇಗೋ ನುಂಗಬಹುದು. 'ನಿಮಗೆ ಇಷ್ಟು ಸಾಕು' ಎನ್ನುವ ಬಡಿಸುವವನ ಮುಖವನ್ನು ನುಂಗುವುದು ಕಷ್ಟ. ಆ ಹುಡುಗರು ಕೇಳಿದ್ದು ಒಳ್ಳೆಯ ಬೇಳೆಯನ್ನಷ್ಟೇ ಅಲ್ಲ, ಮರ್ಯಾದೆಯನ್ನು. ಮರ್ಯಾದೆ ಬೇಕೆಂದವನಿಗೆ ಸ್ವಾತಂತ್ರ್ಯ ಬೇಕೆನ್ನಲು ಎಷ್ಟು ಹೊತ್ತು?

ಆ ಬ್ಯಾರಕ್ಸಿನ ನೆಲೆಗೆ ಈಗ ಆಂಗ್ರೆ ಎಂಬ ಹೆಸರು. ಕಂಪೆನಿ ಕಡಲ್ಗಳ್ಳನೆಂದು ಹಳಿದ, ಆದರೆ ಗೆಲ್ಲಲಾಗದ, ಮರಾಠರ ಸರದಾರ ಕಾನ್ಹೋಜಿ ಆಂಗ್ರೆಯ ಹೆಸರದು. ತಕ್ಕ ಹೆಸರೇ. ವಾಡಿಯಾಗಳ ಹೆಸರೂ ಉಳಿಯಿತು. ಆದರೆ ತೇಗವನ್ನು ಹೆರೆದವರೂ, ಊಟ ಬೇಡವೆಂದು ಎದ್ದವರೂ ಬಹುಮಟ್ಟಿಗೆ ಹೆಸರಿಲ್ಲದೆ ಹೋದರು. ಮುಂಬಯಿಗೆ ಹೋದಾಗ ಆ ಕಂಬಗಳನ್ನು ಧಾರಾಳವಾಗಿ ಮೆಚ್ಚಿರಿ. ಒಂದು ನಿಮಿಷ ಗೋಡೆಯ ಕಡೆಗೂ ತಿರುಗಿ ನೋಡಿರಿ.