ಹಟ್ಟಿಯಲ್ಲಿ ಮಲಗಿದ ಸೈಕಲ್‌ಗಳು

ನಮ್ಮೂರಿನಲ್ಲಿ ಸೈಕಲ್ ಇಲ್ಲದ ಮನೆ ಕಡಿಮೆ. ಆದರೆ ಸೈಕಲ್ ಬಿಡುವವರು ಅದಕ್ಕಿಂತಲೂ ಕಡಿಮೆ! ಇದು ಒಗಟಲ್ಲ ಸ್ನೇಹಿತರೇ. ನಿಮ್ಮ ಮನೆಯ ಹಟ್ಟಿಯ ಹಿಂದೆ, ಕಟ್ಟಿಗೆ ರಾಶಿಯ ಹತ್ತಿರ, ಇಲ್ಲವೇ ಅಡಿಕೆ ಗೋಣಿಗಳ ಎಡೆಯಲ್ಲಿ ಒಮ್ಮೆ ಇಣುಕಿ ನೋಡಿ. ಅಕ್ಕನದ್ದೋ ಅಣ್ಣನದ್ದೋ ಒಂದು ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ಟಯರಿನಲ್ಲಿ ಗಾಳಿ ಇರುವುದಿಲ್ಲ, ಚೈನಿಗೆ ತುಕ್ಕು ಹಿಡಿದಿರುತ್ತದೆ, ಸೀಟಿನ ಮೇಲೆ ಕೋಳಿ ಕೂತಿರುತ್ತದೆ. ಈ ಸಲದ ಗೋಡೆ ಪತ್ರಿಕೆಗೆ ಮಳೆಗಾಲದ ಬಗ್ಗೆ ಬರೆ ಎಂದು ಕನ್ನಡ ಟೀಚರ್ ನನಗೆ ಹೇಳಿದ್ದರು. "ಸೈಕಲ್ ಬಗ್ಗೆ ಬರೀಲಾ ಟೀಚರ್?" ಎಂದು ಕೇಳಿದೆ. "ಬರಿ. ಆದ್ರೆ ಓದಿದವರಿಗೆ ಉಪಯೋಗ ಆಗ್ಬೇಕು" ಎಂದರು. ಹಾಗಾಗಿ ಉಪಯೋಗ ಆಗುವ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ಈ ಸೈಕಲ್‌ಗಳು ಎಲ್ಲಿಂದ ಬಂದವು ಎಂದು ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. 2006-07ನೇ ಸಾಲಿನಲ್ಲಿ ಕರ್ನಾಟಕ ಸರಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ನಂತರ ಗಂಡುಮಕ್ಕಳಿಗೂ ಸಿಕ್ಕಿತು. ನನ್ನ ಅಕ್ಕನಿಗೆ ಸಿಕ್ಕಿದ್ದು 2018ರಲ್ಲಿ. ಲಾರಿಯಲ್ಲಿ ಬಿಡಿ ಬಿಡಿ ಭಾಗಗಳು ಬಂದು, ಶಾಲೆಯ ಅಂಗಳದಲ್ಲಿ ಜೋಡಿಸಿ ಸಾಲಾಗಿ ನಿಲ್ಲಿಸಿದ್ದರಂತೆ. ಅಕ್ಕ ಅದನ್ನು ಮನೆಗೆ ತಂದ ದಿನ ಅಜ್ಜಿ ಹ್ಯಾಂಡಲಿಗೆ ಕುಂಕುಮ ಹಚ್ಚಿದ್ದು ನನಗೆ ನೆನಪುಂಟು. ಕೊರೊನಾ ಬಂದ 2020ರ ನಂತರ ಸೈಕಲ್ ಹಂಚುವುದು ನಿಂತಿತು. ನಾವು ಎಂಟನೆಗೆ ಬಂದಾಗ ನಮ್ಮ ತರಗತಿಯ ಯಾರಿಗೂ ಸಿಗಲಿಲ್ಲ. ಅಂದರೆ ಹಟ್ಟಿಯಲ್ಲಿರುವ ಹಳೆಯ ಸೈಕಲ್‌ಗಳೇ ಈಗ ನಮ್ಮ ಆಸ್ತಿ!

"ಈ ಗುಡ್ಡೆಯಲ್ಲಿ ಸೈಕಲ್ ಎಂತಕ್ಕೆ? ಅರ್ಧ ದಾರಿ ನಾವೇ ಅದನ್ನು ಎಳ್ಕೊಂಡು ಹೋಗ್ಬೇಕು" ಎಂದು ಹಲವರು ಹೇಳುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನಲ್ಲಿ ಗುಡ್ಡೆ, ತೋಟ, ಹೊಳೆ ಬಿಟ್ಟರೆ ಸಮತಟ್ಟು ಜಾಗ ಇರುವುದೇ ಕಡಿಮೆ. ಆದರೆ ಇನ್ನೊಂದು ವಿಷಯ ಗಮನಿಸಿ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಮ್ಮಲ್ಲಿ ಹಾಗಲ್ಲ, ಅವರವರ ತೋಟದ ನಡುವೆ ಅವರವರ ಮನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ದುಡ್ಡು ಕೊಡಲಿಕ್ಕಿಲ್ಲ. ಆದರೆ ಬಸ್ಸು ಬರುವುದು ದೊಡ್ಡ ಮಾರ್ಗದವರೆಗೆ ಮಾತ್ರ. ಅಲ್ಲಿಂದ ಮನೆಗೆ ಎರಡೋ ಮೂರೋ ಕಿಲೋಮೀಟರ್ ಮಣ್ಣಿನ ಮಾರ್ಗ. ಸೈಕಲ್ ಬೇಕಾಗುವುದು ಅಲ್ಲಿಗೆ.

ನನ್ನ ಗೆಳತಿಯೊಬ್ಬಳ ಕಥೆ ಹೇಳುತ್ತೇನೆ. ಅವಳೇ ಬರೆಯಲು ಒಪ್ಪಿದ್ದಾಳೆ, ಹೆಸರು ಮಾತ್ರ ಬೇಡ ಎಂದಿದ್ದಾಳೆ. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರು. ಅವಳನ್ನು ಮಾರ್ಗದವರೆಗೆ ಬಿಡಲು ಯಾರೂ ಇಲ್ಲ. ನೆರೆಮನೆಯ ಅಕ್ಕನ ಹಳೆಯ ಸೈಕಲ್ ಸಿಕ್ಕಿದ ಮೇಲೆ ಶಾಲೆಗೆ ಸರಿಯಾಗಿ ಬರುತ್ತಿದ್ದಳು. ಒಂದು ಸೋಮವಾರ ಬರಲಿಲ್ಲ, ಮಂಗಳವಾರ ಬರಲಿಲ್ಲ, ಆ ವಾರವೇ ಬರಲಿಲ್ಲ. ಜ್ವರ ಅಂತ ನಾವು ತಿಳಿದುಕೊಂಡೆವು. ಜ್ವರ ಅಲ್ಲ, ಪಂಚರ್! ನಮ್ಮ ಪೇಟೆಯಲ್ಲಿದ್ದ ಸೈಕಲ್ ಶಾಪು ಮುಚ್ಚಿ ವರ್ಷಗಳಾಗಿವೆ. ಬೈಕ್ ಗ್ಯಾರೇಜಿನಲ್ಲಿ ಸೈಕಲ್ ಮುಟ್ಟುವುದಿಲ್ಲ. "ಹತ್ತನೇ ಆದ ಮೇಲೆ ಮನೆಯಲ್ಲೇ ಇರು, ಬೀಡಿ ಕಟ್ಟು" ಎಂಬ ಮಾತು ಆ ವಾರವೇ ಅವಳ ಮನೆಯಲ್ಲಿ ಬಂದಿತಂತೆ. ಒಂದು ಮುಳ್ಳು ಟಯರಿಗೆ ಮಾತ್ರ ಚುಚ್ಚುವುದಿಲ್ಲ ಎಂದು ನನಗೆ ಅಂದು ಗೊತ್ತಾಯಿತು.

ಆಗ ನಮ್ಮ ಪಿ.ಟಿ. ಮಾಷ್ಟ್ರು ಶಾಪು ಮುಚ್ಚಿದ ಅಜ್ಜನ ಮನೆಗೆ ನಮ್ಮನ್ನು ಕರೆದುಕೊಂಡು ಹೋದರು. ಅಜ್ಜನಿಗೆ ಈಗ ಕೈ ನಡುಗುತ್ತದೆ. ಒಂದು ಕಾಲದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುತ್ತಿದ್ದವರು ಅವರು. ಪೋಂ ಪೋಂ ಎಂದು ಹಾರ್ನ್ ಹಾಕಿ ಬರುತ್ತಿದ್ದ ಮೀನಿನವರ ಸೈಕಲ್, ಪೋಸ್ಟ್‌ಮ್ಯಾನರ ಸೈಕಲ್, ಪೇಪರ್ ಹಾಕುವ ಹುಡುಗರ ಸೈಕಲ್ ಎಲ್ಲ ಅವರ ಕೈಯಲ್ಲೇ ರಿಪೇರಿ. ನಾವು ಬಂದ ವಿಷಯ ಕೇಳಿ ಅಜ್ಜ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಲು ಹೇಳಿದರು. ಸ್ಪ್ಯಾನರ್, ಟಯರ್ ಬಿಚ್ಚುವ ಪಟ್ಟಿ, ಕಡ್ಡಿ ಬಿಗಿಸುವ ಚಾವಿ ಎಲ್ಲ ಅದರಲ್ಲಿತ್ತು. "ಸೈಕಲ್ ಕೊಡುವವರು ಬರ್ತಾರೆ, ಹೋಗ್ತಾರೆ. ಪಂಚರ್ ಮಾತ್ರ ಇಲ್ಲೇ ಆಗುದು ಮಗಾ. ನೀವೇ ಕಲೀರಿ" ಎಂದರು.

ಈಗ ಪ್ರತಿ ಶನಿವಾರ ತರಗತಿ ಬಿಟ್ಟ ಮೇಲೆ ಶಾಲೆಯ ಸೈಕಲ್ ಶೆಡ್ಡಿನಲ್ಲಿ ನಮ್ಮ ಕೆಲಸ. ಅಜ್ಜ ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ನಾವು ಮಾಡುತ್ತೇವೆ. ನಿಯಮ ಮೂರೇ. ಒಂದು, ಸೈಕಲ್ ತಂದವರೇ ಅದನ್ನು ಬಿಚ್ಚಬೇಕು, ನಾವು ಪಕ್ಕದಲ್ಲಿರುತ್ತೇವೆ. ಎರಡು, ಕಲಿತವರು ಇನ್ನೊಬ್ಬರಿಗೆ ಕಲಿಸಬೇಕು. ಮೂರು, ಬ್ರೇಕ್ ಸರಿಯಿಲ್ಲದ ಸೈಕಲ್ ಶೆಡ್ಡಿನಿಂದ ಹೊರಗೆ ಹೋಗಬಾರದು. ಸೊಲ್ಯೂಷನ್, ಪ್ಯಾಚ್‌ಗಳ ಖರ್ಚಿಗೆ ಒಂದು ಡಬ್ಬಿ ಇದೆ. ಇದ್ದವರು ಹಾಕುತ್ತಾರೆ, ಇಲ್ಲದವರನ್ನು ಯಾರೂ ಕೇಳುವುದಿಲ್ಲ.

ಪಂಚರ್ ಹಾಕುವುದು ಏನೂ ಮಹಾವಿದ್ಯೆಯಲ್ಲ. ಟ್ಯೂಬಿಗೆ ಗಾಳಿ ತುಂಬಿ ಬಾಲ್ದಿ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಕಡೆ ಗುರುತು ಮಾಡಿ. ಒರೆಸಿ ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಸೊಲ್ಯೂಷನ್ ಹಚ್ಚಿ. ಇಲ್ಲಿ ಅವಸರ ಮಾಡಬಾರದು. ಸೊಲ್ಯೂಷನ್ ಆರಿ ಬೆರಳಿಗೆ ಅಂಟದ ಹಾಗೆ ಆದ ಮೇಲೆಯೇ ಪ್ಯಾಚ್ ಒತ್ತಬೇಕು. ಟ್ಯೂಬನ್ನು ಪುನಃ ಹಾಕುವ ಮೊದಲು ಟಯರಿನ ಒಳಗೆ ಜಾಗ್ರತೆಯಿಂದ ಬೆರಳಾಡಿಸಿ ನೋಡಬೇಕು. ಅಡಿಕೆ ಮರದ ಸಿಬಿರೋ ಮುಳ್ಳೋ ಅಲ್ಲೇ ಇದ್ದರೆ ಹತ್ತು ನಿಮಿಷದಲ್ಲಿ ಇನ್ನೊಂದು ಪಂಚರ್ ಗ್ಯಾರಂಟಿ!

ನಮ್ಮಲ್ಲಿಗೆ ಬರುವ ಸೈಕಲ್‌ಗಳಲ್ಲಿ ಕೆಲವು ವಿಪರೀತ ತುಕ್ಕು ಹಿಡಿದಿರುತ್ತವೆ. ಮಳೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಅಡಿಕೆ ತೋಟದಲ್ಲೇ ಉಂಟು! ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಕರಗಿಸುತ್ತೇವಲ್ಲ, ಆ ಬ್ಯಾರೆಲ್ಲಿನ ಪಕ್ಕದಲ್ಲೇ ಸೈಕಲ್ ಇಟ್ಟಿರುತ್ತೇವೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಹಾಕಿದ ಪ್ರಯೋಗ ನೆನಪಿದೆಯಾ? ಕಬ್ಬಿಣ ಕರಗುತ್ತದೆ, ಮೊಳೆಯ ಮೇಲೆ ತಾಮ್ರ ಕೂರುತ್ತದೆ. ಅದೇ ಸ್ಥಾನಪಲ್ಲಟ ಕ್ರಿಯೆ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಆ ನೀರು ಹಾರಿದರೆ ರಿಮ್ಮು, ಕಡ್ಡಿ, ಚೈನಿನಲ್ಲೂ ಅದೇ ಪ್ರಯೋಗ ನಡೆಯುತ್ತದೆ! ಆದ್ದರಿಂದ ಮದ್ದು ಬಿಡುವ ಕಾಲದಲ್ಲಿ ಸೈಕಲನ್ನು ದೂರ ಇಡಿ. ನೀರು ಹಾರಿದರೆ ಕೂಡಲೇ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ.

ಏರಿನ ಸಮಸ್ಯೆಗೂ ಲೆಕ್ಕದಲ್ಲಿ ಸ್ವಲ್ಪ ಉತ್ತರವಿದೆ. ಅಜ್ಜನ ಕರಿ ಸೈಕಲಿನಲ್ಲಿ ಪೆಡಲಿನ ಹತ್ತಿರದ ಹಲ್ಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. 44ನ್ನು 18ರಿಂದ ಭಾಗಿಸಿದರೆ ಸುಮಾರು 2.44. ಅಂದರೆ ಪೆಡಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆಯನ್ನು ಹಗ್ಗ ಹಿಡಿದು ಅಳೆದಾಗ ಸುಮಾರು 2.2 ಮೀಟರ್ ಬಂತು. ಹಾಗಾದರೆ ಒಂದು ತುಳಿತಕ್ಕೆ 5 ಮೀಟರಿಗಿಂತ ಹೆಚ್ಚು! ಸಮತಟ್ಟಿನಲ್ಲಿ ಒಳ್ಳೆಯದು, ನಮ್ಮ ಏರಿನಲ್ಲಿ ಉಸಿರು ಬಿಡಿಸುತ್ತದೆ. 22 ಹಲ್ಲಿನ ಫ್ರೀವೀಲ್ ಹಾಕಿದರೆ ಎರಡೇ ಸುತ್ತು, 4.4 ಮೀಟರ್. ವೇಗ ಕಡಿಮೆಯಾಗುತ್ತದೆ, ತುಳಿಯಲು ಹಗುರವಾಗುತ್ತದೆ. ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರೂ ನಾಚಿಕೆಯಿಲ್ಲ, ಬ್ಯಾಗಿನ ಭಾರವನ್ನು ಸೈಕಲ್ ಹೊರುತ್ತದಲ್ಲ! ಇಳಿಯುವಾಗ ಮಾತ್ರ ಜಾಗ್ರತೆ. ರಿಮ್ಮು ಒದ್ದೆಯಾಗಿದ್ದರೆ ಬ್ರೇಕ್ ಬೇಗ ಹಿಡಿಯುವುದಿಲ್ಲ. ಮಳೆಯಲ್ಲಿ ಇಳಿಜಾರು ಶುರುವಾಗುವ ಮೊದಲೇ ನಿಧಾನ ಮಾಡಿ, ಎರಡೂ ಬ್ರೇಕನ್ನು ಒಟ್ಟಿಗೆ ಮೆಲ್ಲ ಹಿಡಿಯಿರಿ.

"ಹುಡುಗಿಯರಿಗೆ ಎಂತಕ್ಕೆ ಈ ಗ್ರೀಸಿನ ಕೆಲಸ?" ಎಂದು ಕೇಳಿದವರೂ ಇದ್ದಾರೆ. ಅವರಿಗೆ ನಮ್ಮ ಸಮಾಜ ಟೀಚರ್ ಒಂದು ಉದಾಹರಣೆ ಕೊಟ್ಟರು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಶೀಲಾ ರಾಣಿ ಚುಂಕತ್ ಎಂಬವರು ಆಗ ಜಿಲ್ಲಾಧಿಕಾರಿ. ಅಲ್ಲಿ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲನ್ನೂ ಕಲಿಸಿದರು. ಕಲಿಸಿದವರಲ್ಲಿ ಸ್ವಯಂಸೇವಕರೇ ಹೆಚ್ಚು. ಒಂದು ಲಕ್ಷಕ್ಕೂ ಹೆಚ್ಚು ಗ್ರಾಮೀಣ ಹೆಂಗಸರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಲೇಡೀಸ್ ಸೈಕಲ್ ಸಾಲದೆ ಹೋದಾಗ ಅವರು ಜೆಂಟ್ಸ್ ಸೈಕಲನ್ನೇ ಓಡಿಸಿದರು. ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಬಹುದು, ಹಾಗಾಗಿ ಅದೇ ಒಳ್ಳೆಯದು ಎಂದವರೂ ಇದ್ದರಂತೆ! ಇದನ್ನು ಕೇಳಿದ ಮೇಲೆ ಪ್ರಶ್ನೆ ಕೇಳಿದವರೇ ತಮ್ಮ ಮಗಳ ಸೈಕಲನ್ನು ಶೆಡ್ಡಿಗೆ ಕಳುಹಿಸಿದರು.

ಇಂಥ ಶೆಡ್ಡುಗಳು ಹೊರದೇಶಗಳಲ್ಲೂ ಇವೆ ಎಂದು ಮಾಷ್ಟ್ರು ಹೇಳಿದರು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ 2002ರಲ್ಲಿ ಕೆಲವರು ಒಂದು ಅಡುಗೆಕೋಣೆಯಲ್ಲಿ ಸೈಕಲ್ ರಿಪೇರಿ ಕಲಿಸಲು ಶುರು ಮಾಡಿದರಂತೆ. ಹಾಗಾಗಿ ಅದರ ಹೆಸರೇ 'ಸೈಕಲ್ ಅಡುಗೆಮನೆ'! ನಮ್ಮವರಿಗೆ ಇದು ಹೊಸತಲ್ಲ. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂದು ಹಿರಿಯರು ಮುಯ್ಯಾಳು ಮಾಡುತ್ತಿದ್ದರಲ್ಲ, ಇದೂ ಅದೇ. ದೂರ ಯಾಕೆ, ಸುಳ್ಯದಲ್ಲೇ ವರ್ಕ್‌ಶಾಪ್ ನಡೆಸುತ್ತಿದ್ದ ಗಿರೀಶ್ ಭಾರದ್ವಾಜರು ಊರವರು ಕೇಳಿದ್ದಕ್ಕೆ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿ, 2017ರಲ್ಲಿ ಪದ್ಮಶ್ರೀ ಪಡೆದರು. ಊರಿನ ಕಷ್ಟಕ್ಕೆ ಊರಿನ ವರ್ಕ್‌ಶಾಪಿನಲ್ಲೇ ಮದ್ದು ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನನ್ನ ಗೆಳತಿ ಈಗ ತನ್ನ ಪಂಚರನ್ನು ತಾನೇ ಹಾಕುತ್ತಾಳೆ. ಮುಂದಿನ ವರ್ಷ ಪಿ.ಯು.ಸಿ.ಗೆ ಬೆಳಗ್ಗಿನ ಬಸ್ಸು ಹಿಡಿಯಬೇಕಾದರೆ ಆ ಮೂರು ಕಿಲೋಮೀಟರ್ ಅವಳದ್ದೇ ಜವಾಬ್ದಾರಿ. ಮನೆಯವರು ಇನ್ನೂ ಪೂರ್ತಿ ಹೂಂ ಎಂದಿಲ್ಲ, ಆದರೆ 'ಬೇಡ' ಎನ್ನುವುದನ್ನು ಬಿಟ್ಟಿದ್ದಾರೆ.

ಕೊನೆಗೆ ಎರಡು ವಿನಂತಿ. ಮನೆಯ ಹಳೆಯ ಸೈಕಲನ್ನು ಗುಜರಿಯವರಿಗೆ ಕೆ.ಜಿ. ಲೆಕ್ಕದಲ್ಲಿ ಕೊಡುವ ಮೊದಲು ಒಂದು ಶನಿವಾರ ಶೆಡ್ಡಿಗೆ ತನ್ನಿ. ಬಿಡುವವರಿಲ್ಲದಿದ್ದರೆ ಬೇಕಾದವರಿಗೆ ಕೊಡೋಣ. ಎರಡನೆಯದು ಎಂಟು, ಒಂಬತ್ತನೇ ತರಗತಿಯವರಿಗೆ. ನಾವು ಹತ್ತನೆಯವರು ಮಾರ್ಚಿನಲ್ಲಿ ಹೋಗುತ್ತೇವೆ. ಅಜ್ಜನಿಗೆ ವಯಸ್ಸಾಗಿದೆ. ಪೆಟ್ಟಿಗೆ ಇಲ್ಲೇ ಇರುತ್ತದೆ, ಆದರೆ ಪೆಟ್ಟಿಗೆ ತಾನಾಗಿ ಪಂಚರ್ ಹಾಕುವುದಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ. ನಮ್ಮಲ್ಲಿ ಕೈ ಗ್ರೀಸಾದರೆ ಕಾಲಿಗೆ ಸುಖ! ಈ ಶನಿವಾರ ಬನ್ನಿ, ಒರೆಸಲು ಒಂದು ಹಳೆಯ ಬಟ್ಟೆ ಮಾತ್ರ ಮರೆಯದೆ ತನ್ನಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿ